ಮೊಟ್ಟೆ ಮರೆತ ಮಿಸೆಸ್ ಬೀಟನ್

ಒಂದು ಕೇಕ್‌ನಿಂದ ಶುರು ಮಾಡೋಣ. ಲಂಡನ್ನಿನ ಒಂದು ಹೆಂಗಸರ ಪತ್ರಿಕೆಯಲ್ಲಿ ಸ್ಪಾಂಜ್ ಕೇಕ್ ಮಾಡುವ ವಿಧಾನ ಬಂತು. ಅದರಲ್ಲಿ ಮೊಟ್ಟೆಯೇ ಇರಲಿಲ್ಲ! ಬರೆದ ಹುಡುಗಿ ಮರೆತುಬಿಟ್ಟಿದ್ದಳು.

ಆಕೆ ಇಸಬೆಲ್ಲಾ ಬೀಟನ್. ಆಗ ವಯಸ್ಸು 21. ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಗಂಡ ಸ್ಯಾಮ್ಯುಯೆಲ್ 1852ರಲ್ಲೇ ಎರಡು ಪೆನ್ನಿಗೆ ಸಿಗುವ ಈ ಪತ್ರಿಕೆ ಶುರು ಮಾಡಿದ್ದ. ಆಗ ಬೇರೆ ಹೆಂಗಸರ ಪತ್ರಿಕೆಗಳಿಗೆ ಒಂದು ಶಿಲ್ಲಿಂಗ್, ಅಂದರೆ ಹನ್ನೆರಡು ಪೆನ್ನಿ. ಜನ ಮುಗಿಬಿದ್ದು ಕೊಂಡರು.

ಯಾಕೆ ಗೊತ್ತಾ? ಕೊಳ್ಳುತ್ತಿದ್ದ ಹೆಂಗಸರದು ನಗರದ ಅಂಚಿನಲ್ಲಿ ಹೊಸ ಮನೆ. ಗಂಡ ಬೆಳಿಗ್ಗೆ ಆಫೀಸಿಗೆ ಹೋದರೆ ಬರುವುದು ಸಂಜೆ. ಅಡುಗೆಮನೆಯಲ್ಲಿ ಒಬ್ಬಳು ಕೆಲಸದ ಹುಡುಗಿ, ಅವಳಿಗೂ ಏನೂ ಬರದು. ಕೇಳೋಣ ಅಂದರೆ ಅಮ್ಮ ಪಕ್ಕದಲ್ಲಿಲ್ಲ. ಆ ಜಾಗಕ್ಕೆ ಪತ್ರಿಕೆ ಬಂದು ಕೂತಿತು.

1861ರಲ್ಲಿ ಇಸಬೆಲ್ಲಾಳ ಮನೆವಾರ್ತೆಯ ದಪ್ಪ ಪುಸ್ತಕ ಬಂತು. ಮೊದಲ ಸಾಲಿನಲ್ಲೇ ಮನೆಯೊಡತಿಯನ್ನು ಸೇನಾಪತಿಗೆ ಹೋಲಿಸುತ್ತಾಳೆ. ನನಗೆ ಕಿರಿಕಿರಿ ಆಗುವುದು ಇಲ್ಲೇ. ಮನೆ ಅಂದರೆ ಯುದ್ಧವಾ? ಸಾರು ಸ್ವಲ್ಪ ಸಪ್ಪೆಯಾದರೆ ಸೋತ ಹಾಗಾ? ಓದುವವಳಿಗೆ ಮೊದಲು ದಿಗಿಲು ಹುಟ್ಟಿಸುವುದು, ಆಮೇಲೆ ಅದಕ್ಕೆ ಮದ್ದು ಮಾರುವುದು. ಈ ವ್ಯಾಪಾರ ಚೆನ್ನಾಗಿಯೇ ನಡೆಯಿತು. ಮೊದಲ ವರ್ಷವೇ 60,000 ಪ್ರತಿ ಹೋದವು.

ಮದ್ದು ಸರಿ ಇತ್ತಾ ಅಂದರೆ, ದೊಡ್ಡ ಕ್ಯಾರೆಟ್ ಬೇಯಿಸಲು ಒಂದೂಮುಕ್ಕಾಲರಿಂದ ಎರಡೂಕಾಲು ಗಂಟೆ ಅಂತ ಬರೆದಿದ್ದಾಳೆ. ಅಷ್ಟು ಹೊತ್ತು ಬೆಂದರೆ ಕ್ಯಾರೆಟ್ ಅನ್ನಲು ಏನು ಉಳಿಯುತ್ತೋ!

ಅಡುಗೆಗಳೂ ಬಹುಪಾಲು ಅವಳವಲ್ಲ. ಓದುಗರು ಕಳಿಸಿದ್ದು, ಹಳೆಯ ಪುಸ್ತಕಗಳಿಂದ ಎತ್ತಿದ್ದು. 1845ರಲ್ಲೇ ಸೊಗಸಾದ ಅಡುಗೆ ಪುಸ್ತಕ ಬರೆದಿದ್ದ ಎಲಿಜಾ ಆಕ್ಟನ್‌ದು ಎಷ್ಟೋ ಇದೆ. ಆಕ್ಟನ್ ತಾನೇ ಮಾಡಿ, ರುಚಿ ನೋಡಿ ಬರೆದವಳು. 1859ರಲ್ಲೇ ತೀರಿಕೊಂಡಳು. ನನ್ನ ಓಟು ಅವಳಿಗೇ.

ಹಾಗಂತ ಇಸಬೆಲ್ಲಾಳನ್ನು ಸುಮ್ನೆ ಕಳ್ಳಿ ಅನ್ನುವುದೂ ತಪ್ಪು. ಬೇಕಾದ ಸಾಮಾನು ಮೇಲೆ, ಮಾಡುವ ರೀತಿ ಕೆಳಗೆ. ಎಷ್ಟು ಹೊತ್ತು, ಎಷ್ಟು ಖರ್ಚು, ಎಷ್ಟು ಜನಕ್ಕೆ ಸಾಕು, ಎಲ್ಲ ಬಿಡಿಸಿಟ್ಟಳು. ಒಲೆ ಮುಂದೆ ನಿಂತು ಕಣ್ಣಾಡಿಸಿದರೆ ಸಾಕು, ಸಿಕ್ಕಿಬಿಡುತ್ತದೆ. ಅಡುಗೆ ಗೊತ್ತಿಲ್ಲದವಳಿಗೇ ಗೊತ್ತಿಲ್ಲದವರ ಕಷ್ಟ ಅರ್ಥವಾಗುವುದು, ಅಲ್ವಾ?

ಓದುಗರು ಮಾತ್ರ ಈ ಮಿಸೆಸ್ ಬೀಟನ್ ಅಂದರೆ ನರೆಗೂದಲಿನ ಅನುಭವಸ್ಥೆ ಅಂತಲೇ ಅಂದುಕೊಂಡರು. 1865ರಲ್ಲಿ ಹೆರಿಗೆಯ ನಂತರ ಆಕೆ ತೀರಿಕೊಂಡಳು. ವಯಸ್ಸು 28. ಪ್ರಕಾಶಕರು ಆ ಸುದ್ದಿಗೆ ಜಾಸ್ತಿ ಪ್ರಚಾರ ಕೊಡಲಿಲ್ಲ. ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು, ದಪ್ಪವೂ ಆಯಿತು. ಮಿಸೆಸ್ ಬೀಟನ್ ಹೆಸರಿನಲ್ಲಿ ಹೊಸ ಹೊಸ ಅಡುಗೆಗಳು ಬರುತ್ತಲೇ ಇದ್ದವು.