ಬಾರ್ಬಡೋಸಿನ ದಾರದ ಹಾವು

ಕೇಳುಗರೆಲ್ಲರಿಗೂ ನಮಸ್ಕಾರ. ಬಾರ್ಬಡೋಸ್ ಅಂದ ಕೂಡಲೇ ನಮಗೆ ನೆನಪಾಗುವುದು ಕ್ರಿಕೆಟ್. ನಮ್ಮ ದ್ರಾವಿಡ್ ಕೋಚ್ ಆಗಿದ್ದಾಗ, 2024ರ ಜೂನ್‌ನಲ್ಲಿ, ಭಾರತ ಟಿ20 ವಿಶ್ವಕಪ್ ಎತ್ತಿಹಿಡಿದದ್ದು ಅಲ್ಲೇ. ಆ ದ್ವೀಪದ ಮಣ್ಣಿನಡಿ ಒಂದು ಹಾವಿದೆ. ಪೂರ್ತಿ ಬೆಳೆದರೂ ಉದ್ದ ಸುಮಾರು 10 ಸೆಂಟಿಮೀಟರ್. ದಪ್ಪ? ಶಾವಿಗೆ ಎಳೆಯಷ್ಟು! ಜಗತ್ತಿನಲ್ಲೇ ಅತಿ ಚಿಕ್ಕ ಹಾವು ಇದು ಎನ್ನುತ್ತಾರೆ.

ಕುರುಡು ಹಾವುಗಳ ಬಳಗದ ಈ ಪ್ರಾಣಿಯನ್ನು ದಾರದ ಹಾವು ಅನ್ನೋಣ. ವಿಷವಿಲ್ಲ. ಇರುವೆ, ಗೆದ್ದಲಿನ ಮರಿಹುಳುಗಳೇ ಊಟ. 2008ರಲ್ಲಿ ಅಮೆರಿಕದ ವಿಜ್ಞಾನಿ ಬ್ಲೇರ್ ಹೆಡ್ಜಸ್ ಇದಕ್ಕೆ ತಮ್ಮ ಹೆಂಡತಿ ಕಾರ್ಲಾ ಅವರ ಹೆಸರಿಟ್ಟರು. ಆಕೆಯೂ ಹಾವು, ಹಲ್ಲಿಗಳನ್ನು ಓದಿದ ವಿಜ್ಞಾನಿ, ಹಾಗಾಗಿ ಮನೆಯಲ್ಲಿ ಜಗಳ ಆಗಿರಲಿಕ್ಕಿಲ್ಲ ಬಿಡಿ.

ಆಮೇಲೆ ಹಾವು ನಾಪತ್ತೆ. ಹೆಚ್ಚುಕಡಿಮೆ 20 ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಪರಿಸರ ಇಲಾಖೆಯವರು ಒಂದೊಂದೇ ಕಲ್ಲು ಎತ್ತಿ ನೋಡುತ್ತಾ ಹೋದರು. ಕೊನೆಗೆ 2025ರ ಮಾರ್ಚ್‌ನಲ್ಲಿ, ಮರದ ಬೇರಿಗೆ ಸಿಕ್ಕಿಕೊಂಡಿದ್ದ ಕಲ್ಲಿನಡಿ ಸಿಕ್ಕಿತು.

ಸಿಕ್ಕರೂ ಕುಣಿಯುವ ಹಾಗಿರಲಿಲ್ಲ. ಯಾಕೆಂದರೆ ಥೇಟ್ ಇದರಂತೆಯೇ ಕಾಣುವ ಇನ್ನೊಂದು ಹಾವು ಆ ದ್ವೀಪದಲ್ಲಿದೆ. ಅದು ಬೇರೆ ಯಾವುದೂ ಅಲ್ಲ, ನಮ್ಮ ಹಿತ್ತಲಲ್ಲಿ ಮಳೆ ಬಂದಾಗ ಎರೆಹುಳುವಿನ ಹಾಗೆ ಹೊರಬರುವ ಕುರುಡು ಹಾವು! ಗಿಡದ ಕುಂಡದ ಮಣ್ಣಿನಲ್ಲಿ ಕೂತು ಅದು ಸುಮ್ನೆ ದೇಶ ದೇಶ ಸುತ್ತಿದೆ. ಹಾಗಾಗಿ ಸಿಕ್ಕ ಹಾವನ್ನು ವಿಶ್ವವಿದ್ಯಾಲಯಕ್ಕೆ ಒಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಅದೋ ಒಂದು ಕ್ಷಣ ಸುಮ್ಮನಿರದೆ ಹೊರಳಾಡುತ್ತಿತ್ತು. ಬೆನ್ನ ಮೇಲೆ ಮಸುಕಾದ ಹಳದಿ ಗೆರೆ, ತಲೆಯ ಪಕ್ಕಕ್ಕೆ ಚುಕ್ಕೆಯಂಥ ಕಣ್ಣು. ಹೌದು, ಅದೇ! ಖಾತ್ರಿಯಾದ ಮೇಲೆ ಮತ್ತೆ ಕಾಡಿಗೆ ಬಿಟ್ಟರು.

ನನಗೆ ಚಿಂತೆಯ ಮಾತು ಅನ್ನಿಸುವುದು ಇಲ್ಲಿ. ನಮ್ಮ ಕುರುಡು ಹಾವಿನಲ್ಲಿ ಇರುವುದೆಲ್ಲ ಹೆಣ್ಣೇ. ಗಂಡಿನ ಹಂಗಿಲ್ಲದೆ ಮೊಟ್ಟೆ ಇಡುತ್ತದೆ. ಹೊಸ ಊರಲ್ಲಿ ಸಂಸಾರ ಹೂಡಲು ಒಂದು ಹಾವು ಸಾಕು. ದಾರದ ಹಾವಿಗೆ ಜೋಡಿ ಬೇಕು, ಜೋಡಿ ಸಿಕ್ಕರೂ ಇಡುವುದು ಒಂದೇ ಮೊಟ್ಟೆ. ಜೋಡಿ ಹುಡುಕಲು ಕಾಡಾದರೂ ಎಲ್ಲಿದೆ? 1627ರಲ್ಲಿ ಇಂಗ್ಲಿಷರು ನೆಲೆಯೂರಿದ ಮೇಲೆ ಕಬ್ಬು ಬೆಳೆಯಲು ಕಾಡು ಕಡಿದರು. ಮೂಲ ಕಾಡಿನಲ್ಲಿ ಶೇಕಡಾ 98ರಷ್ಟು ಹೋಗಿದೆ. ಉಳಿದ ತುಂಡುಗಳಲ್ಲಿ ಇನ್ನೂ ಎಷ್ಟು ಹಾವುಗಳಿವೆ ಎಂದು ಈಗ ಹುಡುಕಬೇಕಾಗಿದೆ.

ನಮಸ್ಕಾರ.