ದುಡ್ಡು ಯಾವಾಗ, ಯಾವುದಕ್ಕೆ?

ಮಾನ್ಯ ಅಧ್ಯಕ್ಷರೇ, ಉದ್ಯಮರಂಗದ ಗೆಳೆಯರೇ,

ಬೆಳಗ್ಗಿನಿಂದ ಈ ವೇದಿಕೆಯಲ್ಲಿ ಕ್ಲೌಡ್, ಆಟೊಮೇಷನ್, ಕೃತಕ ಬುದ್ಧಿಮತ್ತೆ ಎಂಬ ಮಾತುಗಳು ಧಾರಾಳವಾಗಿ ಕೇಳಿಬಂದಿವೆ. ಗ್ರಾಹಕ ಯಾವಾಗ, ಯಾವುದಕ್ಕೆ ದುಡ್ಡು ಕೊಡುತ್ತಾನೆ ಎಂಬುದನ್ನು ಯಾರೂ ಎತ್ತಲಿಲ್ಲವಾದ್ದರಿಂದ ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ಕಾಗದದ ಬಿಲ್ಲನ್ನು ಇಮೇಲಿನಲ್ಲಿ ಕಳಿಸಿದರೆ ಖರ್ಚು ಉಳಿದೀತು, ವ್ಯವಹಾರ ಮಾದರಿ ಇದ್ದಲ್ಲೇ ಇರುತ್ತದೆ. ಕಂಪನಿ ಬೆಳೆಯಬೇಕಾದರೆ ವರಮಾನ ಹುಟ್ಟುವ ರೀತಿಯೇ ಬದಲಾಗಬೇಕು.

ಫೋಟೊ ಫಿಲ್ಮ್ ಮಾರುತ್ತಿದ್ದ ಕೊಡಾಕ್ ಕಥೆ ನಿಮಗೆಲ್ಲ ಬಾಯಿಪಾಠ. 1975ರಲ್ಲೇ ಡಿಜಿಟಲ್ ಕ್ಯಾಮೆರಾ ತಯಾರಿಸಿದ್ದ ಕಂಪನಿ 2012ರಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ತಂತ್ರಜ್ಞಾನ ಕೈಯಲ್ಲಿತ್ತು, ಲಾಭ ಮಾತ್ರ ಫಿಲ್ಮ್ ರೋಲಿನೊಳಗೆ ಸುತ್ತಿಕೊಂಡಿತ್ತು.

ನನಗೆ ಪ್ರಿಯವಾದ ಉದಾಹರಣೆ ಅಡೋಬಿಯದು. ಹಿಂದೆ ಕೇಳಿದವರು ಕ್ಷಮಿಸಬೇಕು. ಅದು ಫೋಟೊಶಾಪ್ ಮೊದಲಾದ ಸಾಫ್ಟ್‌ವೇರ್‌ಗಳನ್ನು ಪೆಟ್ಟಿಗೆಯಲ್ಲಿ ಮಾರುತ್ತಿದ್ದಾಗ ಪೂರ್ಣ ಸಂಗ್ರಹದ ಬೆಲೆ 2,599 ಡಾಲರ್. ಒಮ್ಮೆ ಕೊಂಡವನು ಮುಂದಿನ ಆವೃತ್ತಿ ಬಂದಾಗ ಬೇಕೋ ಬೇಡವೋ ಎಂದು ತೂಗಿನೋಡಿ, ಎಷ್ಟೋ ಸಲ ಹಳೆಯದರಲ್ಲೇ ಕಾಲ ತಳ್ಳುತ್ತಿದ್ದ. 2012ರಲ್ಲಿ ಚಂದಾ ಪದ್ಧತಿಯನ್ನು ತಂದ ಕಂಪನಿ, ಇನ್ನು ಮುಂದಿನ ಆವೃತ್ತಿಗಳೆಲ್ಲ ಚಂದಾದಾರರಿಗೆ ಮಾತ್ರ ಎಂದು 2013ರ ಮೇ ತಿಂಗಳಲ್ಲಿ ಘೋಷಿಸಿತು. ಬಳಕೆದಾರರು ಸಿಟ್ಟಾಗಿ ಮನವಿಗಳಿಗೆ ಸಹಿ ಹಾಕಿದರು. 2012ರಲ್ಲಿ ಸುಮಾರು 440 ಕೋಟಿ ಡಾಲರ್ ಇದ್ದ ವರಮಾನ ಮರುವರ್ಷ 405 ಕೋಟಿಗೆ ಇಳಿಯಿತು. ನಿವ್ವಳ ಲಾಭ 83 ಕೋಟಿಯಿಂದ 29 ಕೋಟಿಗೆ ಕುಸಿಯಿತು.

ಇಲ್ಲಿ ತುಸು ನಿಲ್ಲೋಣ. ಪೆಟ್ಟಿಗೆ ಮಾರಿದರೆ ಅದರ ಪೂರ್ತಿ ಮೊತ್ತ ಅದೇ ವರ್ಷದ ಲೆಕ್ಕಕ್ಕೆ ಸೇರುತ್ತದೆ. ಚಂದಾದಾರನೊಬ್ಬ ಹಣಕಾಸು ವರ್ಷದ ಕೊನೆಯ ತಿಂಗಳಲ್ಲಿ ಬಂದರೆ ಆ ವರ್ಷದ ಪುಸ್ತಕದಲ್ಲಿ ಕಾಣುವುದು ಒಂದೇ ತಿಂಗಳ ಕಂತು. ಪೆಟ್ಟಿಗೆ ಬಿಟ್ಟು ಚಂದಾಕ್ಕೆ ಬಂದವರು ಹೆಚ್ಚಿದಷ್ಟೂ ಆ ವರ್ಷದ ವರಮಾನ ಸೊರಗುತ್ತದೆ. ಗೆಲ್ಲುತ್ತಿರುವವನೇ ಸೋತವನಂತೆ ಕಾಣುವ ಈ ವಿಚಿತ್ರವನ್ನು ಅಡೋಬಿ ಹೂಡಿಕೆದಾರರಿಗೆ ಮುಂಚಿತವಾಗಿಯೇ ತಿಳಿಸಿ, ಚಂದಾದಾರರ ಸಂಖ್ಯೆಯನ್ನು ಗಮನಿಸಿ ಎಂದು ಕೇಳಿಕೊಂಡಿತ್ತು. ವರಮಾನ 2015ರಲ್ಲಿ 480 ಕೋಟಿ, 2017ರಲ್ಲಿ 730 ಕೋಟಿ ಡಾಲರ್ ಮುಟ್ಟಿತು. ನಡುವಿನ ಆ ತಗ್ಗನ್ನು ದಾಟುವಷ್ಟು ನಗದು ಕೈಯಲ್ಲಿಲ್ಲದವರು ಈ ದಾರಿಯನ್ನು ಹಿಡಿಯದಿರುವುದೇ ಲೇಸೆಂದು ನನ್ನ ಅಭಿಪ್ರಾಯ.

ಹಾಗೆ ನೋಡಿದರೆ ಇದು ಕಂಪ್ಯೂಟರ್ ಹುಟ್ಟುಹಾಕಿದ ಯೋಚನೆಯೂ ಅಲ್ಲ. 1962ರಲ್ಲೇ ಬ್ರಿಸ್ಟಲ್ ಸಿಡ್ಲಿ ಕಂಪನಿ ತನ್ನ ವೈಪರ್ ವಿಮಾನ ಎಂಜಿನ್‌ಗಳ ನಿರ್ವಹಣೆಗೆ ಹಾರಾಟದ ಗಂಟೆಗಿಷ್ಟು ಎಂದು ದರ ಕಟ್ಟಿತ್ತು. ಆ ಕಂಪನಿಯನ್ನು ಕೊಂಡ ರೋಲ್ಸ್ ರಾಯ್ಸ್ ಮುಂದೆ ಅದೇ ಪದ್ಧತಿಯನ್ನು ಬೆಳೆಸಿತು. ರಿಪೇರಿ ಹೆಚ್ಚಿದರೆ ನಷ್ಟ ತಯಾರಕನಿಗೇ. ಈಗ ಸೆನ್ಸರ್‌ಗಳು ಹಾರಾಟದ ನಡುವೆಯೇ ಎಂಜಿನ್ನಿನ ಸ್ಥಿತಿಯನ್ನು ತಿಳಿಸುವುದರಿಂದ, ಕೆಡುವ ಮುನ್ನವೇ ಎಷ್ಟೋ ದೋಷಗಳನ್ನು ಸರಿಪಡಿಸಬಹುದು. ಮತ್ತೆ ನನ್ನ ಹಳೆಯ ಪಲ್ಲವಿಯೇ: ದುಡ್ಡು ಯಾವಾಗ, ಯಾವುದಕ್ಕೆ?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ದತ್ತಾಂಶದ ಒಡೆತನ, ಪ್ಲಾಟ್‌ಫಾರ್ಮ್‌ಗಳು, ಎರಡನ್ನೂ ಕೈಬಿಡುತ್ತೇನೆ. 2011ರಲ್ಲಿ ನೆಟ್‌ಫ್ಲಿಕ್ಸ್ ಡಿವಿಡಿಗೂ ಸ್ಟ್ರೀಮಿಂಗ್‌ಗೂ ಬೇರೆ ಬೇರೆ ಚಂದಾ ವಿಧಿಸಿ, ಒಂದೇ ತ್ರೈಮಾಸಿಕದಲ್ಲಿ ಅಮೆರಿಕದ ಸುಮಾರು 8 ಲಕ್ಷ ಚಂದಾದಾರರನ್ನು ಕಳೆದುಕೊಂಡದ್ದನ್ನು ನೆನಪಿಸಿದರೆ ಸಾಕು. ಕೊನೆಯದಾಗಿ ಮಾರಾಟ ವಿಭಾಗದ ಕಮಿಷನ್ ಪಟ್ಟಿ: ಸಹಿ ಬಿದ್ದ ದಿನವೇ ಪೂರ್ತಿ ಕಮಿಷನ್ ಪಡೆದವನು, ಗ್ರಾಹಕ ಮೂರನೇ ತಿಂಗಳಿಗೆ ಚಂದಾ ನಿಲ್ಲಿಸಿದರೆ ಏಕೆ ತಲೆ ಕೆಡಿಸಿಕೊಳ್ಳುತ್ತಾನೆ? ಹೊಸ ಸಾಫ್ಟ್‌ವೇರಿಗೆ ಆರ್ಡರ್ ಕೊಡುವ ಮುನ್ನ ದಯವಿಟ್ಟು ಆ ಪಟ್ಟಿಯನ್ನು ತಿದ್ದಿಕೊಳ್ಳಿ. ನಮಸ್ಕಾರ.