ಎರಡೂವರೆ ಅಡಿ ಅಗಲದ ರೈಲು

ಕೇಳುಗರಿಗೆ ನಮಸ್ಕಾರ. ನಾನು ಶಿಡ್ಲಘಟ್ಟದ ಕಡೆಯವನು, ಇವತ್ತು ನಮ್ಮ ಕಡೆ ಎಲ್ಲರೂ ಚಿಕ್ಕ ರೈಲು ಅಂತಿದ್ದ ಯಲಹಂಕ–ಬಂಗಾರಪೇಟೆ ಲೈನಿನ ಬಗ್ಗೆ ನಾಕು ಮಾತು ಹೇಳ್ತೀನಿ.

ಮೊದಲು ಬಂದಿದ್ದು ಬಂಗಾರಪೇಟೆ–ಕೋಲಾರದ ತುಂಡು, 1913ರಲ್ಲಿ. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅನ್ನೋ ಹೆಸರು. ಇನ್ನೊಂದು ತುದಿಯಲ್ಲಿ, ಬೆಂಗಳೂರು ಕಡೆಯಿಂದ ಯಲಹಂಕ, ದೇವನಹಳ್ಳಿ ಹಾದು ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಬಂತು, ಆಮೇಲೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಮೇಲೆ ಹೋಗಿ ಎರಡೂ ತುದಿ ಕೂಡ್ಕೊಂಡ್ವು. ಆಗ ದಿವಾನರು ಯಾರು ಗೊತ್ತಲ್ಲ, ವಿಶ್ವೇಶ್ವರಯ್ಯನವರು, ಅವರ ಮುದ್ದೇನಹಳ್ಳಿ ಇಲ್ಲೇ ಪಕ್ಕದಲ್ಲಿ.

ಆದ್ರೆ ಕಂಬಿ ಹಾಕಿದ್ದು ಮಾತ್ರ ನ್ಯಾರೋ ಗೇಜು, ಎರಡು ಕಂಬಿ ಮಧ್ಯೆ ಬರೀ ಎರಡೂವರೆ ಅಡಿ, ಅಂದ್ರೆ 762 ಮಿಲಿಮೀಟರ್. ಖರ್ಚು ಕಮ್ಮಿ, ತಿರುವು ಸಲೀಸು, ಅದೆಲ್ಲ ಸರಿ, ಆದ್ರೆ ಬಂಗಾರಪೇಟೆಯಲ್ಲಿ ಇದ್ದಿದ್ದು ಬ್ರಾಡ್ ಗೇಜು, ಅಂದ್ರೆ ಅಗಲ ಕಂಬಿ, ಯಲಹಂಕದ ಕಡೆ ಮೀಟರ್ ಗೇಜು, ನಮ್ಮ ಡಬ್ಬಿ ಯಾವ ಕಂಬಿ ಮೇಲೂ ಹತ್ತಂಗಿಲ್ಲ, ದೂರಕ್ಕೆ ಹೋಗೋ ಮೂಟೆ ಆದ್ರೆ ಇಳಿಸಿ, ಹೊತ್ತು, ಇನ್ನೊಂದಕ್ಕೆ ತುಂಬಬೇಕು. ಹಣ್ಣು ತರಕಾರಿ ಬೆಳೆಯೋ ಸೀಮೆಗೆ ಇದಕ್ಕಿಂತ ಫಜೀತಿ ಬೇಕಾ? ಲಾರಿಯವನು ಹೊಲದ ಬದುವಿಗೇ ಬಂದು ನಿಂತ ಮೇಲೆ ರೈಲಿಗೆ ಯಾರು ಕಾಯ್ತಾರೆ. ಚಿಕ್ಕ ರೈಲನ್ನ ಕೊಂದಿದ್ದು ಬಸ್ಸು ಲಾರಿ ಅಂತಾರೆ, ನನ್ನ ಕೇಳಿದ್ರೆ ಕೊಂದಿದ್ದು ಆ ಎರಡೂವರೆ ಅಡಿ.

ಜನಕ್ಕೆ ಮಾತ್ರ ಪ್ರೀತಿಯ ರೈಲು ಅದು. ನಮ್ಮಜ್ಜಿ ರೇಷ್ಮೆಗೂಡಿನ ಬುಟ್ಟಿ ತೊಡೆ ಮೇಲೆ ಇಟ್ಕೊಂಡು, ಇಂಜಿನ್ ಕಿಡಿ ಬಿದ್ದೀತು ಅಂತ ಸೆರಗು ಮುಚ್ಚಿ ಕೂರ್ತಿದ್ಲಂತೆ. ನಂದಿ ಹಾಲ್ಟ್ ಸ್ಟೇಷನ್ನಿನ ಕಲ್ಲು ಕಟ್ಟಡ, ಹೆಂಚಿನ ಮಾಡು ಇನ್ನೂ ಹಂಗೇ ಇದೆ, ಬೆಟ್ಟಕ್ಕೆ ಹೋದಾಗ ಒಂದ್ಸಲ ನೋಡಿ ಬನ್ನಿ.

ಚಿಕ್ಕ ಕಂಬಿ ಕಿತ್ತು ಬ್ರಾಡ್ ಗೇಜ್ ಹಾಕೋ ಕೆಲಸ ಕಂತು ಕಂತಲ್ಲಿ ನಡೀತು. ಚಿಕ್ಕಬಳ್ಳಾಪುರ–ಕೋಲಾರದ ಮಧ್ಯೆ ಅಗಲ ಕಂಬಿ ಮೇಲೆ ರೈಲು ಓಡಿದ್ದು 2013ರಲ್ಲಿ. ಅಲ್ಲೀತನಕ ಎಷ್ಟೋ ಮಕ್ಕಳು ನಮ್ಮೂರಲ್ಲಿ ರೈಲನ್ನೇ ನೋಡದೆ ಬೆಳೆದ್ರು.

ಹೊಸ ರೈಲಿಗೆ ಅಮ್ಮನ್ನ ಕರ್ಕೊಂಡು ಹೋಗಿದ್ದೆ. ಚಿಕ್ಕ ರೈಲಿಗೆ ನೆಲದಿಂದಾನೇ ಕಾಲಿಟ್ಟು ಹತ್ತಿದ್ದವಳು ಮೆಟ್ಟಿಲು ನೋಡಿ, "ಅಯ್ಯೋ, ಇಷ್ಟೆತ್ತರನಾ, ಬಸ್ಸೇ ವಾಸಿ ಕಣೋ" ಅಂದ್ಲು. ಅಂದವಳು ಚಿಂತಾಮಣಿ ಬರೋವರೆಗೂ ಕಿಟಕಿ ಸೀಟು ಬಿಟ್ಟುಕೊಡ್ಲಿಲ್ಲ.